ಐಎಂಸಿಐ ಚಾರ್ಟನ್ನು ಟ್ಯಾಬ್ಲೆಟ್‌ಗೆ ತರುವುದು: ಕೆಮ್ಮಿನ ಪುಟದಿಂದ ಶುರು ಮಾಡಿ

ವೈದ್ಯರಿಲ್ಲದ ಆರೋಗ್ಯ ಕೇಂದ್ರಗಳಲ್ಲಿ ದಾದಿಯರು ಐದು ವರ್ಷದೊಳಗಿನ ಮಕ್ಕಳನ್ನು ನೋಡುವುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಐಎಂಸಿಐ (ಮಕ್ಕಳ ಕಾಯಿಲೆಗಳ ಸಮಗ್ರ ನಿರ್ವಹಣೆ) ಚಾರ್ಟ್ ಹಿಡಿದು: ಯಾವ ಲಕ್ಷಣಕ್ಕೆ ಯಾವ ಚಿಕಿತ್ಸೆ ಎಂದು ಹಂತಹಂತವಾಗಿ ಹೇಳುವ ಪಟ್ಟಿ ಅದು. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಅದು ಆಗಲೇ ಟ್ಯಾಬ್ಲೆಟ್‌ಗೆ ಬಂದಿದೆ. ನೀವು ಮಾಡುವುದಾದರೆ ಇಡೀ ಚಾರ್ಟಿಗೆ ಒಮ್ಮೆಲೇ ಕೈ ಹಾಕಬೇಡಿ.

ಮೊದಲು ಸ್ಪ್ರೆಡ್‌ಶೀಟಿನಲ್ಲಿ ಸಾಲಿಗೊಂದು ನಿಯಮ ಬರೆದು, ಪ್ರತಿ ಸಾಲನ್ನೂ ಮಕ್ಕಳ ವೈದ್ಯರಿಂದ ಒಪ್ಪಿಸಿಕೊಳ್ಳಿ. ಓಡಿಕೆ (ODK, ಮೊಬೈಲ್, ಟ್ಯಾಬ್ಲೆಟ್‌ಗಳಲ್ಲಿ ಮಾಹಿತಿ ತುಂಬಿಸುವ ತಂತ್ರಾಂಶ) ಫಾರ್ಮ್ ಆಮೇಲೆ.

ಎಡವುವುದು ಗಡಿಗಳಲ್ಲಿ. 2ರಿಂದ 12 ತಿಂಗಳೊಳಗಿನ ಮಗು ನಿಮಿಷಕ್ಕೆ 50 ಅಥವಾ ಹೆಚ್ಚು ಸಲ ಉಸಿರಾಡಿದರೆ ಅದು ವೇಗದ ಉಸಿರು, ಅಂದರೆ ನ್ಯುಮೋನಿಯಾದ ಲಕ್ಷಣ. 12 ತಿಂಗಳು ತುಂಬಿದ ದಿನದಿಂದಲೇ ಮಿತಿ 40. ಕಾಗದದಲ್ಲಿ ದಾದಿ ಅಂದಾಜಿನಲ್ಲಿ ದಾಟಿಸುವುದನ್ನು ಯಂತ್ರ ದಾಟಿಸದು. ಹಾಗಾಗಿ ವಯಸ್ಸನ್ನು ಕೇಳಬೇಡಿ, ಹುಟ್ಟಿದ ದಿನಾಂಕದಿಂದ ಲೆಕ್ಕ ಹಾಕಿಸಿ. ದಿನಾಂಕ ಗೊತ್ತಿಲ್ಲದವರಿಗಷ್ಟೇ ತಿಂಗಳ ಪ್ರಶ್ನೆ. ನ್ಯುಮೋನಿಯಾಕ್ಕೆ ಕೊಡುವ ಪ್ರತಿಜೀವಕ ಅಮಾಕ್ಸಿಸಿಲಿನ್ 250 ಮಿ.ಗ್ರಾಂ. ಮಾತ್ರೆಯೂ ಹಾಗೆಯೇ: 4ರಿಂದ 10 ಕೆ.ಜಿ.ಯೊಳಗೆ ಹೊತ್ತಿಗೆ ಒಂದು, ಸರಿಯಾಗಿ 10 ಕೆ.ಜಿ. ಇದ್ದರೆ ಎರಡು, ದಿನಕ್ಕೆರಡು ಹೊತ್ತು, 5 ದಿನ. 9.9 ಮತ್ತು 10.0 ಎರಡನ್ನೂ ಹಾಕಿ ನೋಡಿ.

ಎಲ್ಲಕ್ಕಿಂತ ಅಪಾಯಕಾರಿ ತಪ್ಪು ಖಾಲಿ ಉತ್ತರವನ್ನು 'ಇಲ್ಲ' ಎಂದು ಓದುವುದು. 'ಫಿಟ್ಸ್ ಬಂದಿತ್ತೇ?' ಎಂಬುದಕ್ಕೆ ಹೌದು, ಇಲ್ಲ ಎರಡನ್ನೂ ಕೊಟ್ಟು, ಒಂದನ್ನು ಒತ್ತದೆ ಮುಂದೆ ಹೋಗದಂತೆ ಮಾಡಿ. ಉಸಿರು ಎಣಿಸಲು ಪರದೆಯಲ್ಲೇ ಪೂರ್ತಿ 60 ಸೆಕೆಂಡಿನ ಟೈಮರ್ ಇಡಿ. ಅಳುವ ಮಗುವಿನ ಎಣಿಕೆ ನಂಬುವಂತಿಲ್ಲ, ಹಾಗಾಗಿ 'ಮತ್ತೆ ಎಣಿಸಿ' ಗುಂಡಿ ಬೇಕೇ ಬೇಕು.

ಫಾರ್ಮ್ ನೆಟ್‌ವರ್ಕ್ ಇಲ್ಲದೆಯೂ ಪೂರ್ತಿ ನಡೆಯಬೇಕು. ಆವೃತ್ತಿ ಸಂಖ್ಯೆ ಮೊದಲ ಪರದೆಯಲ್ಲೇ ಕಾಣಲಿ: ಮಾರ್ಗಸೂಚಿ ಬದಲಾದಾಗ ಯಾವ ಟ್ಯಾಬ್ಲೆಟ್ ಹಳೆಯದರಲ್ಲೇ ಉಳಿದಿದೆ ಎಂದು ಮೇಲ್ವಿಚಾರಕರಿಗೆ ತಿಳಿಯುವುದು ಅದರಿಂದಲೇ.