ಮೆದುಳಿನ ರಕ್ತನಾಳಕ್ಕೆ ಸಣ್ಣ ಬಲೂನ್: ನನ್ನ ಅನುಭವ

ಮೆದುಳಿನೊಳಗಿನ ರಕ್ತನಾಳ ಕಿರಿದಾದವರಿಗೆ ಸ್ಟೆಂಟ್ (ನಾಳ ತೆರೆದಿಡುವ ಲೋಹದ ಜಾಲರಿ) ಮೇಲೋ, ಬರೀ ಔಷಧಿ ಮೇಲೋ ಅಂತ ಹೋಲಿಸಿದ ಸ್ಯಾಂಪ್ರಿಸ್ ಅಧ್ಯಯನದ ಫಲಿತಾಂಶ 2011ರಲ್ಲಿ ಬಂದಾಗ ನಾನಿನ್ನೂ ಕೆಲಸ ಕಲಿಯುತ್ತಿದ್ದೆ. ತಿಂಗಳೊಳಗೆ ಸ್ಟ್ರೋಕ್ ಅಥವಾ ಸಾವು ಸ್ಟೆಂಟ್ ಹಾಕಿದವರಲ್ಲಿ ನೂರಕ್ಕೆ 14.7, ಬರೀ ಔಷಧಿಯವರಲ್ಲಿ 5.8. ಅಲ್ಲಿಂದ ಮುಂದೆ ಮೆದುಳಿನೊಳಗಿನ ರಕ್ತನಾಳ ಮುಟ್ಟುತ್ತೇನೆ ಅಂದರೆ ಹಿರಿಯರು ಬೇಡವೇ ಬೇಡ ಅನ್ನುತ್ತಿದ್ದರು. ಆದರೆ ಎರಡು ಆಂಟಿಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ), ಪೂರ್ತಿ ಡೋಸ್ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ನುಂಗಿದ ಮೇಲೂ ಮತ್ತೆ ಮತ್ತೆ ಕೈ ಸೋತು ಬರುವವರನ್ನು ಏನು ಮಾಡುವುದು?

ನಾನೂ ಮೊದಲು ಸ್ಟೆಂಟೇ ಹಾಕಿದೆ. 2016ರಲ್ಲಿ ಒಬ್ಬ ಟೈಲರ್ ಬಂದರು. ಮೆದುಳುಕಾಂಡಕ್ಕೆ ರಕ್ತ ಒಯ್ಯುವ ಬೇಸಿಲಾರ್ ನಾಳ ಸುಮಾರು ನೂರಕ್ಕೆ 80 ಮುಚ್ಚಿತ್ತು. ಬಲೂನಿನಿಂದ ಚೆನ್ನಾಗಿ ಅಗಲ ಮಾಡಿ ಸ್ಟೆಂಟ್ ಬಿಟ್ಟೆ. ಆಂಜಿಯೋ ಚಿತ್ರ ನೋಡಿ ಖುಷಿಯಾಗಿದ್ದೆ. ಸಂಜೆ ಐಸಿಯುಗೆ ಹೋದರೆ ಅವರು ಬಲಗೈ ಹೆಬ್ಬೆರಳನ್ನು ತೋರುಬೆರಳಿಗೆ ತಾಗಿಸಲು ನೋಡುತ್ತಿದ್ದರು. ಆಗುತ್ತಿರಲಿಲ್ಲ. ಸೂಜಿ ಹಿಡಿಯುವ ಬೆರಳುಗಳು ಅವು. ಪ್ಲಾಕನ್ನು (ನಾಳದೊಳಗೆ ಕಟ್ಟಿದ ಕೊಬ್ಬನ್ನು) ಪರ್ಫೊರೇಟರ್ ಎಂಬ ಕೂದಲೆಳೆಯಂಥ ಕವಲಿನ ಬಾಯಿಗೆ ನೂಕಿದವನು ನಾನೇ. ಬಿಲ್ಲು ನಾಲ್ಕು ಲಕ್ಷದ ಹತ್ತಿರ ಆಗಿತ್ತು, ಅದಕ್ಕಾಗಿ ಸೈಟು ಮಾರಿದ್ದರು.

ಆಮೇಲೆ ಎರಡು ವರ್ಷ ಕೈ ಹಾಕಲಿಲ್ಲ. ಮತ್ತೆ ಶುರು ಮಾಡಿದ್ದು ಬರೀ ಬಲೂನಿನಿಂದ. "ಅದು ಹಳೇ ಕಾಲದ ಕೆಲಸ ಮಾರಾಯ" ಅಂದರು ಗೆಳೆಯರು. ನಿಜ, ಮೇಯೋ ಕ್ಲಿನಿಕ್‌ನ ಸುಂಡ್ಟ್ 1980ರಲ್ಲೇ ಬೇಸಿಲಾರ್‌ಗೆ ಬಲೂನ್ ಹಾಕಿದ್ದರು. ನಾನು ಬದಲಿಸಿದ್ದು ಅಳತೆ ಮತ್ತು ವೇಗ. ಎಂಸಿಎ (ಮೆದುಳಿನ ಪಕ್ಕದ ಮುಖ್ಯ ರಕ್ತನಾಳ) 2.5 ಮಿ.ಮೀ. ಅಗಲ ಇದ್ದರೆ 1.5ರ ಬಲೂನ್ ಸಾಕು. ಒಂದು ಅಟ್ಮಾಸ್ಫಿಯರ್ ಒತ್ತಡ ಏರಿಸಲು ಹದಿನೈದು ಸೆಕೆಂಡ್ ತೆಗೆದುಕೊಳ್ಳುತ್ತೇನೆ. ಪಕ್ಕದಲ್ಲಿ ನರ್ಸ್ ಜೋರಾಗಿ ಎಣಿಸಬೇಕು, ಇಲ್ಲದಿದ್ದರೆ ಕೈ ತಾನಾಗಿ ಅವಸರ ಮಾಡುತ್ತದೆ. ಅರ್ಧ ತೆರೆದುಕೊಂಡರೆ ನಿಲ್ಲಿಸಿ. ಚಿತ್ರ ಚಂದ ಕಾಣಲಿ ಅಂತ ಇನ್ನೊಂದು ಸಲ ಊದುವ ಆಸೆ ಬರುತ್ತದೆ ಅಲ್ವಾ, ಅಲ್ಲೇ ಎಡವುವುದು. ಸ್ಟ್ರೋಕ್ ಆಗಿ ಕನಿಷ್ಠ ಮೂರು ವಾರ ಕಾಯುತ್ತೇನೆ.

ಕತ್ತಿನಿಂದ ಬರುವ ದೊಡ್ಡ ನಾಳ ತಲೆಬುರುಡೆಯ ತಳದಲ್ಲಿ ಬಳುಕುವ ಸೈಫನ್ ತಿರುವಿನಲ್ಲಿ ಬಲೂನ್ ಸಿಕ್ಕಿಕೊಂಡಾಗ ನಾನು ಮಾಡುವ ಉಪಾಯ ಬರೆದರೆ ಅರ್ಥವಾಗುವುದಿಲ್ಲ. ಕ್ಯಾಥ್‌ಲ್ಯಾಬಿಗೆ ಬಂದವರಿಗೆ ತೋರಿಸುತ್ತೇನೆ.

ಖರ್ಚು ಸ್ಟೆಂಟಿನ ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. ನಡುವೆ ಜನರಲ್ ಅನಸ್ತೇಷಿಯಾ ಬಿಟ್ಟು, ರೋಗಿಯನ್ನು ಮಾತಾಡಿಸುತ್ತಾ ಮಾಡಿ ನೋಡಿದೆ. ಮೂರನೆಯವರು ಕೆಮ್ಮಿದರು, ನಾಳದೊಳಗಿದ್ದ ವೈರ್ ಮುಂದೆ ಜಿಗಿಯಿತು. ಪುಣ್ಯಕ್ಕೆ ಏನೂ ಆಗಲಿಲ್ಲ, ಆದರೆ ಆ ಪ್ರಯೋಗ ಅಲ್ಲಿಗೇ ಬಿಟ್ಟೆ. ಪ್ಲೇಟ್‌ಲೆಟ್ ಪರೀಕ್ಷೆ ಮಾಡಿಸಿದಾಗ ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೊಪಿಡೊಗ್ರೆಲ್ ಸರಿಯಾಗಿ ಕೆಲಸ ಮಾಡದವರು ಮೂವರಲ್ಲಿ ಒಬ್ಬರು ಸಿಕ್ಕರು. ಅವರಿಗೆ ಅದರ ಬದಲು ಟಿಕಾಗ್ರೆಲರ್ ಕೊಡುತ್ತೇನೆ. ವಸಡಿನಲ್ಲಿ ರಕ್ತ ಬರುತ್ತದೆ ಅಂತ ಕೆಲವರು ಸುಮ್ನೆ ಮಾತ್ರೆ ಬಿಟ್ಟುಬಿಡುತ್ತಾರೆ, ಮೊದಲೇ ಹೇಳಿಡಿ.

ಇಲ್ಲಿವರೆಗೆ ನಲವತ್ತರ ಆಸುಪಾಸು ಮಾಡಿದ್ದೇನೆ. ಐದಾರು ಜನರಲ್ಲಿ ನಾಳದ ಒಳಪದರ ಸೀಳಿತು, ಒಬ್ಬರಿಗೆ ಮಾತ್ರ ಸ್ಟೆಂಟ್ ಹಾಕಬೇಕಾಯಿತು. ಒಬ್ಬರಿಗೆ ರಕ್ತಸ್ರಾವ. ಆರು ತಿಂಗಳಿಗೆ ನಾಲ್ಕು ಜನರಲ್ಲಿ ರಕ್ತನಾಳ ಮತ್ತೆ ಕಿರಿದಾಗಿತ್ತು.

2024ರಲ್ಲಿ ಚೀನಾದ ಬೇಸಿಸ್ ಅಧ್ಯಯನ ಬಂತು. 501 ರೋಗಿಗಳು, ಇದೇ ಸಣ್ಣ ಬಲೂನ್. ವರ್ಷದಲ್ಲಿ ತೊಂದರೆಯಾದವರು ಬಲೂನಿನ ಗುಂಪಿನಲ್ಲಿ ನೂರಕ್ಕೆ 4.4, ಬರೀ ಔಷಧಿಯಲ್ಲಿ 13.5. ಅವತ್ತು ಬೇಡ ಅಂದಿದ್ದ ಹಿರಿಯರೊಬ್ಬರು ಫೋನ್ ಮಾಡಿ ಬಲೂನಿನ ಅಳತೆ ಕೇಳಿದರು. ಹೆಮ್ಮೆಯಾಯಿತು.

ಮೊದಲ ರಾತ್ರಿ ಬಿಪಿ 140 ದಾಟಲು ಬಿಡಬೇಡಿ. ಆ ರಕ್ತಸ್ರಾವ ಆದದ್ದು ರಾತ್ರಿ ಎರಡಕ್ಕೆ, ಬಿಪಿ 170 ಇದ್ದಾಗ. ಈಗ ಆ ಹೊತ್ತಿಗೆ ಅಲಾರಂ ಇಟ್ಟುಕೊಂಡು ಐಸಿಯುಗೆ ನಾನೇ ಫೋನ್ ಮಾಡುತ್ತೇನೆ.