ಜಪಾನಿನ ರೈಲು: ಪಾಸ್ ಕೊಳ್ಳುವ ಮೊದಲು ಲೆಕ್ಕ ಹಾಕಿ

ಜಪಾನ್ ಪ್ರವಾಸ ಎಂದಕೂಡಲೇ ಜೆಆರ್ ಪಾಸ್ (ಜಪಾನ್ ರೈಲ್ವೇಸ್, ಅಂದರೆ ಜೆಆರ್ ಕಂಪನಿಗಳ ರೈಲುಗಳಲ್ಲಿ ನಿಗದಿತ ದಿನಗಳವರೆಗೆ ಬೇಕಾದಷ್ಟು ಓಡಾಡುವ ಟಿಕೆಟ್) ಕೊಂಡುಬಿಡಿ ಎನ್ನುವ ಸಲಹೆ ಹಳತಾಯಿತು. 7 ದಿನದ ಸಾಮಾನ್ಯ ದರ್ಜೆಯ ಪಾಸ್ 29,650 ಯೆನ್ ಇದ್ದಾಗ ಆ ಮಾತಿಗೆ ಅರ್ಥವಿತ್ತು. 2023ರ ಅಕ್ಟೋಬರ್‌ನಲ್ಲಿ ಅದು ಒಂದೇ ಏಟಿಗೆ 50,000 ಯೆನ್‌ಗೆ ಜಿಗಿಯಿತು. 14 ದಿನದ್ದು 80,000, 21 ದಿನದ್ದು 1,00,000 ಆಯಿತು. ಕೊಳ್ಳುವ ದಿನದ ದರವನ್ನು ಅಧಿಕೃತ ತಾಣದಲ್ಲಿ ನೋಡಿಕೊಳ್ಳಿ. ಅದಕ್ಕಿಂತ ಮೊದಲು ಒಂದು ಹಾಳೆ, ಪೆನ್ನು ಹಿಡಿದು ಕೂರಿ.

ಹಾಳೆಯಲ್ಲಿ ಬರೆಯಬೇಕಾದದ್ದು ಇಷ್ಟೇ: ಯಾವ ದಿನ, ಯಾವ ಊರಿನಿಂದ ಯಾವ ಊರಿಗೆ. ಊರೊಳಗಿನ ಓಡಾಟ ಬಿಡಿ, ಬುಲೆಟ್ ರೈಲಾದ ಶಿಂಕಾನ್‌ಸೆನ್ ಹತ್ತುವ ದಿನಗಳನ್ನು ಮಾತ್ರ ಲೆಕ್ಕಕ್ಕೆ ತನ್ನಿ. ಬಹುತೇಕರ ಹಾದಿ ಟೋಕಿಯೊ, ಕ್ಯೋಟೊ, ಹಿರೋಶಿಮಾ, ಮತ್ತೆ ಟೋಕಿಯೊ. ಟೋಕಿಯೊ–ಕ್ಯೋಟೊ ಸುಮಾರು 14,000 ಯೆನ್, ಕ್ಯೋಟೊ–ಹಿರೋಶಿಮಾ 11,500ರ ಆಸುಪಾಸು, ಹಿರೋಶಿಮಾದಿಂದ ಟೋಕಿಯೊಗೆ 19,500ರ ಆಸುಪಾಸು. ಕೂಡಿದರೆ 45,000. ಇಷ್ಟು ಸುತ್ತಿದರೂ 50,000ದ ಪಾಸ್ ಗಿಟ್ಟಲಿಲ್ಲ. ಬರೀ ಕ್ಯೋಟೊಗೆ ಹೋಗಿಬರುವವರಂತೂ ಪಾಸಿನ ಹೆಸರೇ ಎತ್ತಬೇಕಿಲ್ಲ. ಅದೇ ಏಳು ದಿನದೊಳಗೆ ಟೋಕಿಯೊದಿಂದ ಉತ್ತರದ ಸೆಂದಾಯ್‌ಗೂ ಹೋಗಿಬರುವುದಿದ್ದರೆ ಮೇಲೆ 22,000ಕ್ಕಿಂತ ಹೆಚ್ಚು ಸೇರುತ್ತದೆ; ಆಗ ಪಾಸ್ ಲಾಭ.

ಏಳು ದಿನ ಎಂದರೆ ಸತತ ಏಳು ದಿನ. ನಡುವೆ ನಿಲ್ಲಿಸಿ ಮುಂದುವರಿಸುವಂತಿಲ್ಲ. ಲೆಕ್ಕ ಕ್ಯಾಲೆಂಡರಿನ ತಾರೀಖಿನದು, 24 ಗಂಟೆಯದಲ್ಲ. ಸಂಜೆ ಆರಕ್ಕೆ ಶುರು ಮಾಡಿದರೂ ಆ ದಿನ ಪೂರ್ತಿ ಖರ್ಚಾದಂತೆಯೇ. ಮೊದಲ ಮೂರು ದಿನ ಟೋಕಿಯೊದಲ್ಲೇ ಇರುವುದಾದರೆ, ಊರು ಬಿಡುವ ಬೆಳಗಿನಿಂದ ಪಾಸ್ ಆರಂಭವಾಗುವಂತೆ ತಾರೀಖು ಕೊಡಿ. ತಾರೀಖು ಹಾಕಿಸಿದ ಮೇಲೆ ಬದಲಾಯಿಸಲು ಬರುವುದಿಲ್ಲ, ಪಾಸ್ ಕಳೆದರೆ ಇನ್ನೊಂದು ಕೊಡುವುದಿಲ್ಲ.

ಪಾಸೇ ಬೇಕೆಂದಾದರೆ ಎರಡು ದಾರಿ. ಏಜೆಂಟರ ಬಳಿ ಕೊಂಡರೆ ಸಿಗುವುದು ವಿನಿಮಯ ಚೀಟಿ. ಮೂರು ತಿಂಗಳೊಳಗೆ ಜಪಾನಿನ ದೊಡ್ಡ ನಿಲ್ದಾಣದಲ್ಲಿ ಕೊಟ್ಟು ಪಾಸ್ ಪಡೆಯಬೇಕು. ಜೆಆರ್‌ನ ಅಧಿಕೃತ ತಾಣದಲ್ಲೇ ಕೊಂಡರೆ ಹೊರಡುವ ಮೊದಲೇ ಸೀಟು ಕಾಯ್ದಿರಿಸಬಹುದು. ರಜೆಯ ದಿನಗಳಲ್ಲಿ ಹೋಗುವವರು ಈ ಎರಡನೆಯದನ್ನೇ ಹಿಡಿಯಲಿ. ಹೆಸರು ಪಾಸ್‌ಪೋರ್ಟಿನಲ್ಲಿರುವಂತೆ ಅಕ್ಷರ ತಪ್ಪದೆ ಇರಬೇಕು.

ಪಾಸ್ ಪಡೆಯುವಾಗ ಜನ ಎಡವುವುದು ವಿಮಾನ ನಿಲ್ದಾಣದಲ್ಲಿ. ಪಾಸ್ ಸಿಗುವುದು ಅಲ್ಪಾವಧಿ ಪ್ರವಾಸಿಗಳಿಗೆ ಮಾತ್ರ, ಅದಕ್ಕೆ ಪುರಾವೆ ಪಾಸ್‌ಪೋರ್ಟಿನಲ್ಲಿ ‘ಟೆಂಪರರಿ ವಿಸಿಟರ್’ ಎಂಬ ಮುದ್ರೆ ಅಥವಾ ಸ್ಟಿಕ್ಕರ್. ವಲಸೆ ಕೌಂಟರ್ ದಾಟುವಾಗಲೇ ಪುಟ ತೆರೆದು ಅದು ಇದೆಯೇ ನೋಡಿಕೊಳ್ಳಿ. ಮುಂದೆ ಬಂದ ಮೇಲೆ ಮತ್ತೆ ಹಿಂದಕ್ಕೆ ಬಿಡುವುದಿಲ್ಲ.

ಟೋಕಿಯೊ–ಓಸಾಕಾ ನಡುವಿನ ಟೋಕೈದೊ ಮಾರ್ಗದ ಅತಿವೇಗದ ರೈಲು ನೊಜೋಮಿ. ಪಾಸ್ ಇದ್ದವರು ಅದನ್ನು ಹತ್ತಲು ಬೇರೆ ಚೀಟಿ ಕೊಳ್ಳಬೇಕು; ಟೋಕಿಯೊ–ಕ್ಯೋಟೊ ನಡುವೆ ಅದಕ್ಕೆ 4,960 ಯೆನ್ ಎಂದು ನಿಗದಿ ಮಾಡಲಾಗಿತ್ತು. ಹಿಕಾರಿ ರೈಲಿಗೆ ಏನೂ ಕೊಡಬೇಕಿಲ್ಲ, ತಡವಾಗುವುದು ಹೆಚ್ಚೆಂದರೆ ಅರ್ಧ ಗಂಟೆ. ಅರ್ಧ ಗಂಟೆಗೆ ಅಷ್ಟು ದುಡ್ಡು ದಂಡ. ಹಿರೋಶಿಮಾಕ್ಕೆ ಹಿಕಾರಿಯಲ್ಲಿ ಹೋಗುವವರು ಶಿನ್-ಓಸಾಕಾ ಅಥವಾ ಶಿನ್-ಕೋಬೆಯಲ್ಲಿ ಇಳಿದು ಸಕುರಾ ಎಂಬ ರೈಲು ಹತ್ತಬೇಕು.

ಬಿಡಿ ಟಿಕೆಟ್ ಕೊಳ್ಳುವವರಿಗೆ ಮೊದಲ ಸಲ ಗೊಂದಲವಾಗುವುದು ಕೈಗೆ ಎರಡು ಚೀಟಿ ಬಂದಾಗ. ಒಂದು ದೂರದ ಮೂಲ ದರದ್ದು, ಇನ್ನೊಂದು ವೇಗದ ರೈಲಿನ ಮತ್ತು ಸೀಟಿನದು. ಗೇಟಿನಲ್ಲಿ ಎರಡನ್ನೂ ಒಟ್ಟಿಗೆ ತೂರಿಸಿ, ಆಚೆ ಬದಿಯಲ್ಲಿ ಎದ್ದು ಬಂದದ್ದನ್ನೆಲ್ಲ ಎತ್ತಿಕೊಳ್ಳಿ. ಒಂದನ್ನು ಅಲ್ಲೇ ಬಿಟ್ಟು ಓಡಿದರೆ ಇಳಿಯುವ ಕಡೆ ಗೇಟು ತೆರೆಯುವುದಿಲ್ಲ.

ಕಾಯ್ದಿರಿಸುವಿಕೆ ಸಾಮಾನ್ಯವಾಗಿ ಪ್ರಯಾಣಕ್ಕೆ ಒಂದು ತಿಂಗಳು ಮೊದಲು, ಜಪಾನ್ ಸಮಯ ಬೆಳಗ್ಗೆ 10ಕ್ಕೆ ತೆರೆಯುತ್ತದೆ. ಟೋಕಿಯೊದಿಂದ ಪಶ್ಚಿಮಕ್ಕೆ, ಹಿರೋಶಿಮಾ ದಾಟಿ ಕ್ಯೂಶೂವರೆಗೆ ಸ್ಮಾರ್ಟ್‌ಇಎಕ್ಸ್ ಆ್ಯಪ್ ಸಾಕು. ಸೆಂದಾಯ್ ಕಡೆಗೆ ಎಕಿನೆಟ್ ಎಂಬ ಕಾಯ್ದಿರಿಸುವ ತಾಣ ನೋಡಬೇಕು. ಮುಂಗಡ ರಿಯಾಯಿತಿ ಟಿಕೆಟ್ ಅಗ್ಗವೇನೋ ಹೌದು, ಆದರೆ ರೈಲು ತಪ್ಪಿದರೆ ಅದಕ್ಕೆ ಬೆಲೆಯಿಲ್ಲ. ಪೂರ್ತಿ ದರದ ಸೀಟು ಟಿಕೆಟ್ ಇದ್ದು ರೈಲು ತಪ್ಪಿದರೆ, ಅದೇ ದಿನದ ಮುಂದಿನ ರೈಲಿನ ಕಾಯ್ದಿರಿಸದ ಬೋಗಿಯಲ್ಲಿ ಹೋಗಬಹುದು. ವಿಮಾನ ಇಳಿದ ದಿನವೇ ರೈಲು ಹಿಡಿಯುವವರು ರಿಯಾಯಿತಿಯ ಆಸೆ ಬಿಡುವುದೇ ಕ್ಷೇಮ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರ, ಆಗಸ್ಟ್ ನಡುಭಾಗದ ಓಬೊನ್ ಹಬ್ಬ, ಹೊಸ ವರ್ಷ: ಈ ದಟ್ಟಣೆಯ ದಿನಗಳಲ್ಲಿ ನೊಜೋಮಿಯ ಎಲ್ಲ ಬೋಗಿಗಳೂ ಕಾಯ್ದಿರಿಸಿದವರಿಗೇ ಮೀಸಲು.

ಸೀಟು ಆರಿಸುವಾಗ ಸೂಟ್‌ಕೇಸಿಗೆ ಟೇಪ್ ಹಿಡಿಯಿರಿ. ಉದ್ದ, ಅಗಲ, ಎತ್ತರ ಕೂಡಿ 160 ಸೆಂ.ಮೀ. ದಾಟಿದರೆ ಟೋಕೈದೊ, ಅದರಾಚೆಗಿನ ಸಾನ್ಯೊ, ಕ್ಯೂಶೂ ಮಾರ್ಗಗಳಲ್ಲಿ ದೊಡ್ಡ ಸಾಮಾನಿನ ಜಾಗವಿರುವ ಸೀಟನ್ನೇ ಕೇಳಬೇಕು. ಅದಕ್ಕೆ ಹೆಚ್ಚುವರಿ ಹಣವಿಲ್ಲ; ಕೇಳದೆ ತಂದರೆ 1,000 ಯೆನ್ ದಂಡ. 250 ಸೆಂ.ಮೀ. ಮೀರಿದ್ದನ್ನು ಹತ್ತಿಸುವುದೇ ಇಲ್ಲ. ಅಂದ ಹಾಗೆ, ಟೋಕಿಯೊದಿಂದ ಕ್ಯೋಟೊಗೆ ಹೋಗುವಾಗ ಫ್ಯೂಜಿ ಪರ್ವತ ಕಾಣುವುದು ಬಲಗಡೆ, ಸಾಮಾನ್ಯ ದರ್ಜೆಯಲ್ಲಿ ಇ ಸೀಟಿನ ಕಿಟಕಿಗೆ. ಹೊರಟು ಮುಕ್ಕಾಲು ಗಂಟೆಯ ಹೊತ್ತಿಗೆ ಕಣ್ಣಿಟ್ಟಿರಿ.

ಮಕ್ಕಳಿಗೆ 6ರಿಂದ 11 ವರ್ಷದವರೆಗೆ ಅರ್ಧ ದರ. ಅದಕ್ಕಿಂತ ಚಿಕ್ಕವರು ಒಬ್ಬ ದೊಡ್ಡವರ ಜೊತೆ ಇಬ್ಬರವರೆಗೆ ಉಚಿತ, ಸೀಟು ಬೇಕೆಂದರೆ ಮಾತ್ರ ಅರ್ಧ ದರ.

ಊರೊಳಗಿನ ಓಡಾಟಕ್ಕೆ ಸುಯಿಕಾ, ಪಾಸ್ಮೊ, ಇಕೋಕಾ ಇವುಗಳಲ್ಲಿ ಯಾವುದಾದರೊಂದು ಕಾರ್ಡ್ (ಮೊದಲೇ ಹಣ ತುಂಬಿ ಗೇಟಿಗೆ ಒತ್ತುವಂಥದ್ದು) ತೆಗೆದುಕೊಳ್ಳಿ. ಯಾವ ಊರಿನದಾದರೂ ದೊಡ್ಡ ನಗರಗಳಲ್ಲೆಲ್ಲ ನಡೆಯುತ್ತದೆ. ಒಬ್ಬರಿಗೆ ಒಂದು ಕಾರ್ಡ್ ಬೇಕೇ ಬೇಕು. ಒಂದನ್ನೇ ಇಬ್ಬರು ಒತ್ತಲಾಗದು. ಸುಯಿಕಾಕ್ಕೆ 500 ಯೆನ್ ಠೇವಣಿ, ಗರಿಷ್ಠ 20,000 ಯೆನ್ ತುಂಬಬಹುದು. ಪ್ರವಾಸಿಗಳ ವೆಲ್‌ಕಮ್ ಸುಯಿಕಾಕ್ಕೆ ಠೇವಣಿಯಿಲ್ಲ, ಆದರೆ 28 ದಿನಕ್ಕೆ ಮುಗಿಯುತ್ತದೆ, ಉಳಿದ ಹಣ ವಾಪಸಿಲ್ಲ. ಸ್ವಲ್ಪಸ್ವಲ್ಪವೇ ತುಂಬಿ. ಐಫೋನ್ 8 ಮತ್ತು ನಂತರದವುಗಳಲ್ಲಿ ಸುಯಿಕಾವನ್ನು ಫೋನಿನೊಳಗೇ ಇಡಬಹುದು. ಜಪಾನಿನ ಹೊರಗೆ ಕೊಂಡ ಆಂಡ್ರಾಯ್ಡ್ ಫೋನುಗಳಲ್ಲಿ ಅದಕ್ಕೆ ಬೇಕಾದ ವ್ಯವಸ್ಥೆ ಬಹುತೇಕ ಇರುವುದಿಲ್ಲ, ಅಂಥವರಿಗೆ ಪ್ಲಾಸ್ಟಿಕ್ ಕಾರ್ಡೇ ಗತಿ.

ಈ ಕಾರ್ಡಿಗೆ ಒಂದು ಮಿತಿಯಿದೆ: ಟೋಕಿಯೊ ವಲಯದಲ್ಲಿ ಒತ್ತಿ ಒಳಗೆ ಹೋಗಿ, ಲೋಕಲ್ ರೈಲು ಬದಲಿಸುತ್ತ ಓಸಾಕಾ ವಲಯದಲ್ಲಿ ಒತ್ತಿ ಹೊರಬರಲಾಗದು. ಗೇಟು ಕೆಂಪಾಗುತ್ತದೆ, ಸಿಬ್ಬಂದಿ ಹತ್ತಿರ ಹೋಗಿ ಪೂರ್ತಿ ದರ ತೆತ್ತು ಕಾರ್ಡ್ ಸರಿಮಾಡಿಸಿಕೊಳ್ಳಬೇಕು. ವಲಯ ದಾಟುವುದಿದ್ದರೆ ಹತ್ತುವಾಗಲೇ ಕಾಗದದ ಟಿಕೆಟ್ ಕೊಳ್ಳಿ. ಜೆಆರ್ ಪಾಸ್ ಇದ್ದರೂ ಕಾರ್ಡ್ ಬೇಕು: ಟೋಕಿಯೊ ಮೆಟ್ರೊ, ನಾರಿತಾ ವಿಮಾನ ನಿಲ್ದಾಣದ ಸ್ಕೈಲೈನರ್ ರೈಲು, ನಾರಾಕ್ಕೆ ಹೋಗುವ ಕಿಂತೆತ್ಸು ರೈಲು, ಇವೆಲ್ಲ ಬೇರೆ ಕಂಪನಿಗಳವು, ಪಾಸ್ ತೋರಿಸಿದರೆ ಬಿಡುವುದಿಲ್ಲ. ಹಿರೋಶಿಮಾ ಬಳಿಯ ಮಿಯಾಜಿಮಾ ದ್ವೀಪಕ್ಕೆ ಹೋಗುವ ಜೆಆರ್ ದೋಣಿಗೆ ಮಾತ್ರ ಪಾಸ್ ನಡೆಯುತ್ತದೆ. ಪಕ್ಕದಲ್ಲೇ ಇನ್ನೊಂದು ಕಂಪನಿಯ ದೋಣಿ ನಿಂತಿರುತ್ತದೆ, ಸಾಲು ನೋಡಿ ನಿಲ್ಲಿ.