ಜರ್ಮನಿಗೆ ಹೊಸದಾಗಿ ಬಂದಿದ್ದೀರಾ? ಹಾಸಿಗೆ ಕೊಳ್ಳುವ ಮುಂಚೆ ಇದನ್ನು ಓದಿ

ಬಂದ ಮೊದಲ ವಾರ ನಮ್ಮವರು ಮಾಡುವ ಕೆಲಸ ಒಂದಿದೆ. ಕೈಗೆ ಸಿಕ್ಕ ಅಗ್ಗದ ಹಾಸಿಗೆ ತಂದು ನೆಲದ ಮೇಲೆ ಹಾಕಿ ಮಲಗಿಬಿಡುವುದು. ಊರಲ್ಲಿ ಚಾಪೆ ಮೇಲೆ ಮಲಗಿ ಬೆಳೆದವರಿಗೆ ಇದರಲ್ಲೇನು ತಪ್ಪು ಅನ್ನಿಸುತ್ತದೆ, ನನಗೂ ಹಾಗೇ ಅನ್ನಿಸಿತ್ತು. ಡಿಸೆಂಬರ್‌ನಲ್ಲಿ ಒಂದು ದಿನ ಮೂಲೆ ಎತ್ತಿ ನೋಡಿದರೆ ಅಡಿಯೆಲ್ಲಾ ಕಪ್ಪು ಚುಕ್ಕೆ, ಮುಟ್ಟಿದರೆ ತೇವ, ಒದ್ದೆ ಗೋಣಿಚೀಲದ ವಾಸನೆ. ಬೂಷ್ಟು ಹಿಡಿದಿತ್ತು. ಮೈಯ ಬೆವರು ಹಾಸಿಗೆಗೆ ಇಳಿಯುತ್ತದೆ, ಕೆಳಗೆ ನೆಲ ತಣ್ಣಗಿರುತ್ತದೆ, ಗಾಳಿಯಾಡಲು ಜಾಗವಿಲ್ಲ. ಊರಲ್ಲಾದರೆ ಹತ್ತಿ ಹಾಸಿಗೆಯನ್ನು ತಾರಸಿ ಮೇಲೆ ಬಿಸಿಲಿಗೆ ಹಾಕುತ್ತಿದ್ದೆವು, ಇಲ್ಲಿನ ಚಳಿಗಾಲದಲ್ಲಿ ಆ ಬಿಸಿಲು ಎಲ್ಲಿ ಸಿಗುತ್ತದೆ?

ಹಾಗಾಗಿ ಮೊದಲು ಲಾಟೆನ್‌ರೋಸ್ಟ್ ನೋಡಿ. ಮಂಚದೊಳಗೆ ಕೂರುವ ಮರದ ಪಟ್ಟಿಗಳ ಚೌಕಟ್ಟು ಅದು. ಎಷ್ಟೋ ಸಲ ಮಂಚದ ಜೊತೆ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಫೋಮ್ ಹಾಸಿಗೆಯಾದರೆ ಪಟ್ಟಿಗಳ ನಡುವೆ 4 ಸೆಂ.ಮೀ.ಗಿಂತ ಜಾಸ್ತಿ ಸಂದಿ ಬೇಡ.

ಇನ್ನು ಬಾಳಿಕೆ. ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿದರೆ ಬಾಳಿಕೆ ಗೊತ್ತಾಗುವುದಿಲ್ಲ. ವಿವರದ ಚೀಟಿಯಲ್ಲಿ ರೌಮ್‌ಗೆವಿಷ್ಟ್ ಹುಡುಕಿ, ಆರ್‌ಜಿ ಅಂತಲೂ ಬರೆದಿರುತ್ತಾರೆ. ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಅನ್ನುವ ಲೆಕ್ಕ ಅದು. ದಿನಾ ಮಲಗಲು 40 ಅಥವಾ ಅದಕ್ಕಿಂತ ಮೇಲಿನದು ತೆಗೆದುಕೊಳ್ಳಿ. 30ಕ್ಕಿಂತ ಕಡಿಮೆಯದು ಬೇಗ ಸೊಂಟದ ಜಾಗದಲ್ಲಿ ಗುಳಿ ಬೀಳುತ್ತದೆ. 90×200 ಅಳತೆಯ, 16 ಸೆಂ.ಮೀ. ದಪ್ಪದ ಆರ್‌ಜಿ 40 ಫೋಮ್ ಅಂದರೆ ಕವರ್ ಬಿಟ್ಟು ಸುಮಾರು ಹನ್ನೊಂದೂವರೆ ಕೆಜಿ ಇರಬೇಕು. ಒಂದೇ ಕೈಯಲ್ಲಿ ಹಗುರಾಗಿ ಎತ್ತಲು ಬಂದರೆ ಬಿಟ್ಟುಬಿಡಿ.

ಎಚ್2, ಎಚ್3 ಅನ್ನುವುದು ಗಡಸುತನದ ಗುರುತು, ಬಾಳಿಕೆಯದ್ದಲ್ಲ. ಅದಕ್ಕೆ ಎಲ್ಲರೂ ಪಾಲಿಸುವ ಒಂದೇ ಅಳತೆಯೂ ಇಲ್ಲ, ಒಂದು ಕಂಪನಿಯ ಎಚ್3 ಇನ್ನೊಂದರ ಎಚ್2 ಥರ ಇರಬಹುದು. ಅದಕ್ಕೇ ಮಲಗಿಯೇ ನೋಡಬೇಕು, ನಾಚಿಕೆ ಬೇಡ, ಹತ್ತು ನಿಮಿಷ ಮಲಗಿ. ಅಂಗಾತ ಮಲಗಿ ಸೊಂಟದ ಕೆಳಗೆ ಕೈ ತೂರಿಸಿ. ಸಲೀಸಾಗಿ ಆಚೆ ಬಂದರೆ ಹಾಸಿಗೆ ನಿಮಗೆ ಗಟ್ಟಿಯಾಯಿತು. ಆಮೇಲೆ ಪಕ್ಕಕ್ಕೆ ತಿರುಗಿ, ಜೊತೆಗೆ ಬಂದವರಿಗೆ ಬೆನ್ನು ನೋಡಲು ಹೇಳಿ. ಭುಜ ಸ್ವಲ್ಪ ಒಳಗಿಳಿದು, ಬೆನ್ನುಮೂಳೆ ಕತ್ತಿನಿಂದ ಸೊಂಟದವರೆಗೆ ನೇರ ಇರಬೇಕು. ಗಟ್ಟಿ ಇದ್ದಷ್ಟೂ ಬೆನ್ನಿಗೆ ಒಳ್ಳೆಯದು ಅನ್ನುವ ಮಾತನ್ನು ಎಲ್ಲರಿಗೂ ಹೊಂದಿಸಬೇಡಿ, ಸಣ್ಣ ಮೈಯವರಿಗೆ ಅಂಥದ್ದರಲ್ಲಿ ಭುಜ ನೋಯುತ್ತದೆ.

ಇಲ್ಲಿ ಗಂಡ ಹೆಂಡತಿ ಮಂಚಕ್ಕೂ 90ರ ಎರಡು ಹಾಸಿಗೆ ಹಾಕುವ ರೂಢಿ ಇದೆ. ನಮ್ಮ ಮನೆಗಳಲ್ಲಿ ಮಗು ಮಧ್ಯೆ ಮಲಗುತ್ತದೆ ಅಲ್ವಾ, ಸರಿಯಾಗಿ ಆ ಸಂದಿಗೇ ಜಾರುತ್ತದೆ. 180×200ರ ಒಂದೇ ಹಾಸಿಗೆ ಕೇಳಿ.

ಆನ್‌ಲೈನ್‌ನಲ್ಲಿ ಕೊಂಡರೆ 14 ದಿನದೊಳಗೆ ವಾಪಸ್ ಮಾಡುವ ಹಕ್ಕಿದೆ. ಪ್ಲಾಸ್ಟಿಕ್ ಕವರ್ ತೆಗೆದಿದ್ದರೂ ಆ ಹಕ್ಕು ಹೋಗುವುದಿಲ್ಲ ಅಂತ ಯುರೋಪಿನ ನ್ಯಾಯಾಲಯ 2019ರಲ್ಲೇ ಹೇಳಿದೆ, ಆಗಲ್ಲ ಅಂದರೆ ಇದನ್ನು ಹೇಳಿ. ಊರು ಬಿಟ್ಟು ಹೋಗುವವರು ಮಂಚ, ಹಾಸಿಗೆ ಒಟ್ಟಿಗೆ ಕೊಡುತ್ತೇವೆ ಅಂತಾರೆ. ಮಂಚ ತೆಗೆದುಕೊಳ್ಳಿ. ಬೇರೆಯವರ ಮೈಗೆ ಗುಳಿ ಬಿದ್ದ ಹಾಸಿಗೆ ಪುಕ್ಕಟೆ ಕೊಟ್ಟರೂ ಬೇಡ ಅನ್ನಿ.